ಒಂದು ಗೇಣು ಹಿತ್ತಿಲ ಬಾಗಿಲು

ಬೆಟ್ಟಗಳಿಗೆ ಇನ್ನೂ ಕಾಲಿದ್ದ ಕಾಲದಲ್ಲಿ ಒಬ್ಬ ಗಾಳಿರಾಯನಿದ್ದನಂತೆ. ಬಾಗಿಲು ತೆರೆದ ಮನೆಗೆ ನುಗ್ಗಿ ಸೂರು ಕಿತ್ತೊಯ್ಯುವನು. ಎಲ್ಲ ಬಾಗಿಲೂ ಜಡಿದ ಮನೆಯಲ್ಲಿ ಉಸಿರು ಕಟ್ಟಿಸುವನು. ಒಬ್ಬ ಮುದುಕಿ ಮಾತ್ರ ಮುಂಬಾಗಿಲು ಮುಚ್ಚಿ, ಹಿತ್ತಿಲ ಬಾಗಿಲು ಒಂದು ಗೇಣು ತೆರೆದಿಟ್ಟು ಬದುಕಿಕೊಂಡಳಂತೆ.

ಅಜ್ಜಿ ಮಾರಕ್ಕ ಈ ಕತೆ ಹೇಳುವಾಗಲೆಲ್ಲ ಚೈತ್ರಾ ಮುದುಕಿ ಬರುವ ಹೊತ್ತಿಗೆ ತೂಕಡಿಸುತ್ತಿದ್ದಳು.

ಇವತ್ತು ಕೋಡಿಹಳ್ಳಿಯಿಂದ ಲಾರಿ ಹೊರಡುವಾಗ ಅಜ್ಜಿಯ ಕೈ ಹಿಡಿದು, "ಒಂದ್ ಗೂಡೂ ನೆನೀದಂಗೆ ರಾಮನಗರ ಮುಟ್ಟಿಸ್ತೀನಿ ಕಣಜ್ಜಿ" ಅಂದಿದ್ದಳು. ಅಜ್ಜಿ ತಿಂಗಳಿಡೀ ನಿದ್ದೆಗೆಟ್ಟು ಸೊಪ್ಪು ಹಾಕಿ ಸಾಕಿದ ರೇಷ್ಮೆಹುಳಗಳು ಈಗ ಗೂಡುಗಳಾಗಿ, ಕ್ರೇಟುಗಳಲ್ಲಿ, ಚಿಕ್ಕಪ್ಪನ ಮಗ ದೇವರಾಜನ ತೆರೆದ ಲಾರಿಯ ಮೇಲಿದ್ದವು. ನೆನೆದ ಗೂಡನ್ನು ಮಾರ್ಕೆಟ್ಟಿನಲ್ಲಿ ಯಾರೂ ಮೂಸುವುದಿಲ್ಲ. ಅದಕ್ಕೇ ಚೈತ್ರಾ ಎರಡು ಟಾರ್ಪಾಲುಗಳನ್ನು ಇರುವೆಯೂ ನುಸುಳದಂತೆ ಬಿಗಿದಿದ್ದಳು.

ಕನಕಪುರ ದಾಟುವಷ್ಟರಲ್ಲಿ ಕಬ್ಬಾಳು ಬೆಟ್ಟದ ಕಡೆ ಮೋಡ ಕಪ್ಪಿಟ್ಟಿತು. ಹಿಂದೆ ಪಟಪಟ ಸದ್ದು.

"ನಿಲ್ಸೋ ದೇವು!"

"ಇದು ಮೂರ್ನೇ ಸಲ ಕಣಮ್ಮಿ. ಟಾರ್ಪಾಲ್ ಏನ್ ನಿನ್ ಸೆರಗಾ, ಗಳಿಗ್ಗೊಂದ್ಸಲ ಸರಿ ಮಾಡೋಕೆ?"

ಚೈತ್ರಾ ಆಗಲೇ ಲಾರಿ ಹತ್ತಿದ್ದಳು. ಹಿಂದಿನ ಟಾರ್ಪಾಲಿನ ಅಂಚು ಮುಂದಿನದರ ಮೇಲೆ ಬಿದ್ದಿತ್ತು. ಎದುರುಗಾಳಿ ಆ ಸಂದಿಗೇ ಬಾಯಿ ಹಾಕಿ ಎಬ್ಬಿಸುತ್ತಿತ್ತು. ಕೆಳಗಿನ ಮೂಲೆ ಬಿಚ್ಚಿ ಒಳಗೆ ಕೈಯಿಟ್ಟಳು. ಹಬೆ. ಒಳಮೈಯೆಲ್ಲ ಹನಿಗಟ್ಟಿತ್ತು, ಗೂಡಿನ ಮೇಲೆ ಉದುರುವುದೊಂದೇ ಬಾಕಿ.

"ಮಳೆನೇ ಬಂದಿಲ್ವಲ್ಲೋ!" ಒದ್ದೆ ಕೈಯನ್ನು ಅವನತ್ತ ಚಾಚಿದಳು.

ದೇವರಾಜ ಈಗ ನಗಲಿಲ್ಲ. "ಗೂಡೊಳಗೆ ಹುಳಕ್ಕೆ ಜೀವ ಐತಲ್ಲಮ್ಮಿ, ಬೆವರ್ತವೆ. ನೀನು ಹುಲ್ಲಿನ ಲೋಡ್ ಕಟ್ದಂಗೆ ಕಟ್ಬುಟ್ಟಿದ್ದೀಯ."

ಬಿಚ್ಚಿದರೆ ಮಳೆ, ಬಿಗಿದರೆ ಬೆವರು. ಗುಡುಗು ಹತ್ತಿರವಾಯಿತು. ಹಗ್ಗ ಹಿಡಿದು ನಿಂತಿರುವಾಗಲೇ ಕತೆಯ ಆ ಮುದುಕಿಯ ಹಿತ್ತಿಲ ಬಾಗಿಲು ಕಣ್ಮುಂದೆ ಬಂತು.

"ದೇವು, ಬಾಡಿಗೆ ಚಂದ್ರಿಕೆ ತತ್ತಾ!"

ಹುಳ ಗೂಡು ಕಟ್ಟುವ, ಅಗಲವಾದ ಬಿದಿರ ತಟ್ಟೆಗಳವು. ಬಾಡಿಗೆಗೆ ಕೊಟ್ಟವನಿಗೆ ವಾಪಸು ಮಾಡಲೆಂದು ಕ್ಯಾಬಿನ್ನಿನ ಹಿಂದೆ ಪೇರಿಸಿದ್ದರು.

"ಮುರುದ್ರೆ ಅವ್ನು ಬಯ್ತಾನೆ ಕಣೇ."

"ಬಯ್ಕೊಳ್ಳಿ. ಅಜ್ಜಿ ಬಯ್ಯೋಕಿಂತ ವಾಸಿ."

ಸೆರಗಿನಿಂದ ಟಾರ್ಪಾಲಿನ ಹನಿ ಒರೆಸಿದಳು. ಕ್ರೇಟುಗಳ ಮೇಲೆ ಚಂದ್ರಿಕೆ ಹರಡಿ, ಟಾರ್ಪಾಲಿಗೂ ಗೂಡಿಗೂ ನಡುವೆ ಗಾಳಿಗೆ ಜಾಗ ಮಾಡಿದಳು. ಮೊದಲು ಹಿಂದಿನ ಟಾರ್ಪಾಲು, ಅದರ ಮೇಲೆ ಮುಂದಿನದರ ಅಂಚು, ಹೆಂಚು ಹೊದಿಸಿದಂತೆ. ಮುಂದೆ, ಪಕ್ಕಗಳಲ್ಲಿ ಬಿಗಿ. ಹಿಂದೆ ಮಾತ್ರ ಕೆಳಗೆ ಒಂದು ಗೇಣು ಬಿಟ್ಟಳು. ಕೊನೆಯ ಕೊಕ್ಕೆಗೆ ಹಗ್ಗ ಸುತ್ತುವಾಗ ಕತ್ತಿನ ಮೇಲೆ ದಪ್ಪ ಹನಿ ಬಿತ್ತು.

ರಾಮನಗರದವರೆಗೂ ಮಳೆ ಬಡಿಯಿತು.

ಮಾರ್ಕೆಟ್ಟಿನ ಸೂರಿನಡಿ ಟಾರ್ಪಾಲು ಸರಿಸಿ, ಒಂದು ಗೂಡೆತ್ತಿ ಕಿವಿಯ ಬಳಿ ಅಲ್ಲಾಡಿಸಿದಳು. ಒಳ್ಳೆಯ ಗೂಡಾದರೆ ಒಳಗಿನ ಹುಳ ಸದ್ದು ಮಾಡಬೇಕು. ಒಣಗೂಡಿನೊಳಗೆ ಹುಳ ಗಲ್ಲೆಂದಿತು.