ಸುಣ್ಣದ ಗೆರೆಯೊಳಗಿನ ಅಪ್ಪ

ಇಲ್ಲ, ಇದು ಫ್ಯಾನಿನ ಸದ್ದು, ಜೆಸಿಬಿ ಇನ್ನೂ ಶುರುವಾಗಿಲ್ಲ, ಈ ಫ್ಯಾನು ಯಾವಾಗಲೂ ಹೀಗೆಯೇ, ಗರಗರ ಅಂತ ಊರಿಗೆಲ್ಲ ಕೇಳುವಂತೆ ಅರಚಿಕೊಂಡು ಒಂದಿಷ್ಟೂ ಗಾಳಿ ಕೊಡದೆ ತಿರುಗುತ್ತದೆ, ನಾನು ಇದೇ ಕೋಣೆಯಲ್ಲಿ ಎಂ.ಎ. ಓದುವಾಗಲೂ ಹೀಗೇ ತಿರುಗುತ್ತಿತ್ತು, ಸರಿ ಮಾಡಿಸೋಣ ಅಂತ ಬಂದ ನಿರ್ದೇಶಕರೆಲ್ಲ ಹೇಳಿ ಹೋಗಿದ್ದಾರೆ — ಫ್ಯಾನು, ಬರೀ ಫ್ಯಾನು, ನಡಿ ಭಾನುಪ್ರಿಯಾ, ಕಿಟಕಿ ಬಿಟ್ಟು ಈಚೆ ಬಾ, ಮೇಲ್ವಿಚಾರಕಿಯೇ ಹೊರಗೆ ನೋಡುತ್ತ ನಿಂತರೆ ಹಿಂದಿನ ಬೆಂಚಿನವರಿಗೆ ಹಬ್ಬ. ಬೆಂಚುಗಳ ನಡುವೆ ನಡೆಯುತ್ತೇನೆ, ತಿರುಗಿ ಬರುತ್ತೇನೆ, ಕಾಲು ತಾನಾಗಿಯೇ ನನ್ನನ್ನು ಕಿಟಕಿಗೆ ಒಯ್ಯುತ್ತದೆ, ಅಲ್ಲಿಂದ ಏನೂ ಕಾಣುವುದಿಲ್ಲ ಅಂತ ಗೊತ್ತು, ಹೊಂಗೆ ಮರಗಳು, ಸೈಕಲ್ ಸ್ಟ್ಯಾಂಡಿನ ತಗಡು, ಅದರಾಚೆ ಈ ಹೊತ್ತಿಗೆ ಅವ್ವ ಬಂದಿರಬೇಕು, ನಮ್ಮೂರು ಹದಿನಾರಿನಿಂದ ಆಟೋದಲ್ಲಿ, ಪೂಜೆ ಮಾಡಿಸಲು ಅಯ್ನೋರನ್ನೂ ಕರೆದುಕೊಂಡು. ಫೋನು ನನ್ನ ಬಳಿ ಇಲ್ಲ, ಪರೀಕ್ಷೆ ಮುಗಿಯುವವರೆಗೆ ಎಲ್ಲರ ಫೋನೂ ಆಫೀಸಿನ ಮೇಜಿನ ಮೇಲೆ, ಅವ್ವ ಕರೆದರೂ ಅದು ಅಲ್ಲೇ ಗುಂಯ್‌ಗುಟ್ಟುತ್ತಿರುತ್ತದೆ. ಮರಗಳಾಚೆ ಹೆಣ್ಣುಮಕ್ಕಳ ಹಾಸ್ಟೆಲಿಗೆ ಪಾಯ ತೆಗೆಯಲು ಸುಣ್ಣದ ಪುಡಿಯಲ್ಲಿ ಗೆರೆ ಹಾಕಿದ್ದಾರೆ, ಗೆರೆಯ ಒಳಗೆ ನನ್ನ ಅಪ್ಪನ ಸಮಾಧಿ ಇದೆ, ಇವತ್ತು ಅದನ್ನು ಅಗೆದು ತೆಗೆಯುತ್ತಾರೆ.

ಮೇಡಂ, ಅಡಿಷನಲ್ ಶೀಟ್ — ಕೊಟ್ಟೆ, ಸಹಿ ಹಾಕಿದೆ, ಏನು ಬರೆಯುತ್ತಾನೋ ಇಷ್ಟೊಂದು, ತರಗತಿಯಲ್ಲಿ ಬಾಯಿ ಬಿಟ್ಟವನಲ್ಲ, ಮೈಸೂರು ಸಂಸ್ಥಾನದ ಭೂಕಂದಾಯ ವ್ಯವಸ್ಥೆಯನ್ನು ವಿವರಿಸಿ, ವಿವರಿಸಪ್ಪ, ವಿವರಿಸು, ಈ ಕ್ಯಾಂಪಸ್ಸಿನ ಭೂಮಿಯನ್ನು ವಿವರಿಸಿ ಅಂತ ಯಾರಾದರೂ ಕೇಳಲಿ ನೋಡೋಣ, ಅದಕ್ಕೆ ಉತ್ತರ ನನ್ನ ನಾಲಿಗೆಯ ಮೇಲಿದೆ. ಮೊದಲು ನಮ್ಮ ಸ್ನಾತಕೋತ್ತರ ಕೇಂದ್ರ ನಂಜನಗೂಡಿನಲ್ಲಿ ಒಂದು ಅಕ್ಕಿ ಗಿರಣಿಯ ಮಹಡಿಯಲ್ಲಿತ್ತಂತೆ, ಕೆಳಗೆ ಭತ್ತ, ಮೇಲೆ ಇತಿಹಾಸ, ಮೇಷ್ಟ್ರು ಗಿರಣಿಗಿಂತ ಜೋರಾಗಿ ಕಿರುಚಬೇಕು, ಪಾಠ ಮುಗಿಸಿ ಇಳಿದವರ ತಲೆಕೂದಲೆಲ್ಲ ತೌಡು, ಮೊದಲ ಬ್ಯಾಚಿನವರು ಈಗಲೂ ಸಿಕ್ಕಾಗ ನಾವು ತೌಡಿನ ಬ್ಯಾಚು ಅಂತ ಎದೆ ಉಬ್ಬಿಸಿ ಹೇಳಿಕೊಳ್ಳುತ್ತಾರೆ, ಆಮೇಲೆ ನರಸೀಪುರದ ಕಡೆಯ ರಸ್ತೆಯಲ್ಲಿ ಸ್ವಂತ ಜಾಗ ಆಯಿತು, ಗೋಮಾಳ ಸಾಲಲಿಲ್ಲ, ಪಕ್ಕದ ನಮ್ಮ ಹುರುಳಿ ಹೊಲವೂ ಹೋಯಿತು. ಅಷ್ಟರಲ್ಲಿ ಅಪ್ಪ ಆ ಹೊಲದಲ್ಲಿ ಮಣ್ಣಾಗಿದ್ದ, ನಾನು ಹೈಸ್ಕೂಲಿಗೆ ಸೇರಿದ ವರ್ಷ ಜ್ವರ ಬಂದು ಹೋದ, ನಮ್ಮಲ್ಲಿ ಹೊಲ ಇದ್ದವರನ್ನು ಅವರ ಹೊಲದಲ್ಲೇ ಮಣ್ಣು ಮಾಡುವುದು. ಅಳತೆಗೆ ಬಂದ ಅಧಿಕಾರಿಯ ಮುಂದೆ ಅವ್ವ ಸೆರಗು ಹೊದ್ದು ನಿಂತಿದ್ದಳು, ಸಾ, ಒಲ ತಕಳಿ ಸಾ, ನಮ್ಮೆಜಮಾನ್ರು ಅಲ್ಲವ್ರೆ, ಅವ್ರ್ನ ಮಾತ್ರ ಅಲ್ಲೇ ಬುಟ್ಬುಡಿ, ಆತ ಚೈನು ಹಿಡಿದವನಿಗೆ ಏನೋ ಸನ್ನೆ ಮಾಡಿ, ಇರ್ಲಿ ಬಿಡಮ್ಮ, ಕಾಲೇಜು ಮಕ್ಕಳಿಗೆ ಒಂದು ಕಟ್ಟೆ ಆದಂಗಾಯ್ತು ಅಂದ, ಅಷ್ಟೆ, ಬಾಯಿಮಾತು. ಆಕರ ಎಲ್ಲಿ, ಆಕರ ಇಲ್ಲದೆ ಬರೆಯಬೇಡಿ ಅಂತ ಮಕ್ಕಳನ್ನು ಗದರುವವಳು ನಾನು, ಆ ಮಾತಿಗೆ ಯಾವ ಅಡಿಟಿಪ್ಪಣಿ ಹಾಕಲಿ, ಹೇಳಿದವರು ವರ್ಗವಾಗಿ ಹೋದರು, ಕೇಳಿಸಿಕೊಂಡವಳಿಗೆ ಓದು ಬರುವುದಿಲ್ಲ.

ಆದರೆ ಕಟ್ಟೆ ನಿಜವಾಗಿಯೂ ಆಯಿತು. ಹುಡುಗರು ಅದರ ಮೇಲೆ ಕೂತು ಬುತ್ತಿ ಬಿಚ್ಚಿದರು, ನೋಟ್ಸ್ ಕಾಪಿ ಮಾಡಿದರು, ಪ್ರೀತಿಸಿದರು, ಮಾತು ಬಿಟ್ಟರು, ಯಾವನೋ ಒಬ್ಬ ಪರೀಕ್ಷೆಯ ದಿನ ಹಾಲ್‌ಟಿಕೆಟ್ ಅದರ ಮೇಲಿಟ್ಟು ಕೈಮುಗಿದು ಪಾಸಾದ, ಶುರುವಾಯಿತು ನೋಡಿ, ಈಗ ಅಪ್ಪನಿಗೆ ಹಾಲ್‌ಟಿಕೆಟ್ ತೋರಿಸದೆ ಯಾರೂ ಕೊಠಡಿಗೆ ಕಾಲಿಡುವುದಿಲ್ಲ, ಒಳ್ಳೆಯ ಅಂಕ ಬಂದವರು ಕಾಯಿ ಒಡೆಯುತ್ತಾರೆ, ಸ್ಲೇಟು ಒಡೆದುಹಾಕಿ ಎಮ್ಮೆ ಹಿಂದೆ ಹೋದ ನಮ್ಮಪ್ಪ ಶಿವಸ್ವಾಮಿ ಸ್ನಾತಕೋತ್ತರ ದೇವರಾಗಿ ಕೂತ! ಅವ್ವನಿಗೆ ಹೇಳಿದಾಗ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು, ಅಯ್ಯೋ ಸಿವನೇ, ಎಬ್ಬೆಟ್ಟೊತ್ತುತಿದ್ದ ಮನ್ಸ ಕಣವ್ವ ಅದು, ಆಮೇಲೆ ಕಣ್ಣು ಒರೆಸಿಕೊಂಡಳು. ಮೇಡಮ್ಮೋರ ಅಪ್ಪಾಜಿ ಅಂತಾರೆ ಮಕ್ಕಳು, ನನಗೆ ಒಳಗೊಳಗೇ ಹಿಗ್ಗು, ಇವತ್ತು ಬೆಳಿಗ್ಗೆ ಅಲ್ಲಿ ಕೆಂಪು ಬಿಳಿ ಪಟ್ಟಿ ಕಟ್ಟಿದ್ದರು, ಪಾಪ, ದೂರದಿಂದಲೇ ಹಾಲ್‌ಟಿಕೆಟ್ ಎತ್ತಿ ತೋರಿಸಿ ಬಂದರು. ನಾನು ಇಲ್ಲಿ ಅತಿಥಿ ಉಪನ್ಯಾಸಕಿ, ವರ್ಷ ವರ್ಷ ಮುಗಿಯುವ ಅತಿಥಿ, ವರ್ಷ ವರ್ಷ ಮತ್ತೆ ಅರ್ಜಿ ಹಾಕಿ ಬಾಗಿಲು ತಟ್ಟುವ ಅತಿಥಿ, ಈ ಕ್ಯಾಂಪಸ್ಸಿನಲ್ಲಿ ನಮ್ಮ ಮನೆಯವರ ಪೈಕಿ ಕಾಯಂ ಆಗಿದ್ದವನು ಅಪ್ಪ ಒಬ್ಬನೇ, ಈಗ ಅವನಿಗೂ ವರ್ಗ. ನಗಬೇಡ, ಮಕ್ಕಳು ನೋಡುತ್ತಾರೆ, ಪಲ್ಲವಿ ಆಗಲೇ ತಲೆ ಎತ್ತಿ ನೋಡಿದಳು.

ಪಲ್ಲವಿ, ಮೂಗೂರಿನವಳು, ಇಲ್ಲಿಂದ ನರಸೀಪುರಕ್ಕೆ ಒಂದು ಬಸ್ಸು, ಅಲ್ಲಿಂದ ಮೂಗೂರಿಗೆ ಇನ್ನೊಂದು, ಸಂಜೆಯ ತರಗತಿಯಲ್ಲಿ ಅವಳ ಕಿವಿ ನನ್ನ ಕಡೆ, ಕಣ್ಣು ಗಡಿಯಾರದ ಕಡೆ, ಬಸ್ಸು ತಪ್ಪಿದ ಒಂದು ದಿನ ಅವಳಪ್ಪ ಸ್ಟ್ಯಾಂಡಿನಲ್ಲಿ ಎಲ್ಲರೆದುರು, ಓದಿದ್ದು ಸಾಕು, ನಾಳೆಯಿಂದ ಮನೇಲ್ ಬಿದ್ದಿರು ಅಂದನಂತೆ, ನಾನೇ ಹೋಗಿ ಮಾತಾಡಿದೆ, ಆತ ಕೆಟ್ಟವನಲ್ಲ, ನೀವೇ ಯೋಳಿ ಮೇಡಂ, ಕತ್ಲಾದ್ಮೇಲೆ ಎಣ್‌ಮಗ ಬಸ್ಟ್ಯಾಂಡಲ್ಲಿ ನಿಂತಿದ್ರೆ ನನ್ ಜೀವ ಎಲ್ಲಿರ್ತದೆ, ಒಂದು ಆಸ್ಟೆಲ್ ಅಂತ ಮಾಡ್ಸಿ, ಓದ್ಲಿ, ಯಾರ್ ಬ್ಯಾಡ ಅಂತಾರೆ ಅಂದ. ಹುಲ್ಲಹಳ್ಳಿಯಿಂದ ಬರುತ್ತಿದ್ದವಳೊಬ್ಬಳು ಇದೇ ಬಸ್ಸಿನ ಕಾಟಕ್ಕೆ ಅರ್ಧಕ್ಕೆ ಬಿಟ್ಟು ಮದುವೆಯಾಗಿ ಹೋದಳು, ಎಂಥ ಬುದ್ಧಿ ಆ ಹುಡುಗಿಗೆ, ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಹಾಸ್ಟೆಲ್ ಬೇಕು ಅಂತ ಪ್ರತಿ ಸಭೆಯಲ್ಲೂ ಗಂಟಲು ಹರಿದುಕೊಂಡವಳು ನಾನೇ, ಗೇಟಿನ ಮುಂದೆ ಬಿಸಿಲಲ್ಲಿ ಮಕ್ಕಳ ಜೊತೆ ಕೂತವಳೂ ನಾನೇ, ಮಂಜೂರಾದ ದಿನ ಇಡೀ ವಿಭಾಗಕ್ಕೆ ಮೈಸೂರುಪಾಕು ಹಂಚಿದವಳೂ ನಾನೇ. ಜಾಗ ಯಾವುದು ಅಂತ ಯಾರಿಗೆ ಗೊತ್ತಿತ್ತು, ಬೋರ್‌ವೆಲ್ ಇರುವುದು ಅಲ್ಲೇ, ಕರೆಂಟು ಕಂಬ ಅಲ್ಲೇ, ಬೇರೆ ಕಡೆ ಅಗೆದರೆ ಬಂಡೆ, ಎಂಜಿನಿಯರು ನಕ್ಷೆಯ ಮೇಲೆ ಬೆರಳಿಟ್ಟದ್ದು ಸರಿಯಾಗಿ ಅಪ್ಪನ ಮೇಲೆ.

ನಿರ್ದೇಶಕರು ಬದರೀನಾರಾಯಣ ಸರ್ ಒಳ್ಳೆಯವರು, ಅದೇ ಕಷ್ಟ, ಕೆಟ್ಟವರಾಗಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ. ಹೋದ ವಾರ ಅವ್ವನನ್ನು ಕರೆಸಿ ತಾವೇ ಕುರ್ಚಿ ಎಳೆದುಕೊಟ್ಟರು, ಗುರುಬಸಮ್ಮನವರೇ, ನೀವು ಬೇಡ ಅಂದ್ರೆ ನಾನು ಇದನ್ನ ಇಲ್ಲಿಗೇ ನಿಲ್ಲಿಸ್ತೀನಿ, ಮಂಜೂರಾದದ್ದು ವಾಪಸ್ ಹೋದ್ರೂ ಹೋಗ್ಲಿ, ಒಪ್ಪಿದ್ರೆ ಕಾಂಪೌಂಡಿನ ಮೂಲೇಲಿ ಜಾಗ ಬಿಡ್ತೀವಿ, ಇಲ್ಲ ನಿಮ್ಮೂರಿನ ರುದ್ರಭೂಮಿ ಅಂದ್ರೆ ಅದೂ ಸರಿ. ಅವ್ವ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದಳು, ನೀ ಏನಂತೀಯೆ ಕೂಸು? ಏನನ್ನಬೇಕಿತ್ತು ನಾನು, ಬೇಡ ಅಂದರೆ ಹಾಸ್ಟೆಲ್ ಹೋಯಿತು, ಬೇಕು ಅಂದರೆ ಅಪ್ಪನನ್ನು ಏಳಿಸು ಅಂತ ಮಗಳೇ ಹೇಳಿದ ಹಾಗಾಯಿತು, ಜೊತೆಗೆ ಬರುವ ತಿಂಗಳು ಅತಿಥಿ ಉಪನ್ಯಾಸಕರ ಆಯ್ಕೆ, ಅದೂ ತಲೆಯಲ್ಲಿತ್ತು, ಇರಲಿಲ್ಲ ಅಂತ ಯಾರ ಮುಂದೆ ನಾಟಕ ಆಡಲಿ, ಇಲ್ಲಿ ಕೇಳುವವರು ಯಾರಿದ್ದಾರೆ. ನಿನ್ನಿಷ್ಟ ಅವ್ವ ಅಂದೆ. ಛೀ. ನಿನ್ನಿಷ್ಟ. ಇಷ್ಟು ಓದಿಸಿದ ಮಗಳ ಬಾಯಿಂದ ಉದುರಿದ್ದು ಅಷ್ಟೇ. ಅವ್ವ ಸೆರಗಿನ ಅಂಚನ್ನು ಮಡಿಸಿದಳು, ಬಿಚ್ಚಿದಳು, ಆಗ್ಲಿ ಬುಡಿ ಸಾ, ಎಣ್‌ಮಕ್ಳು ಮನಿಕಳ ಜಾಗ ಅಲ್ವಾ ಅಂದಳು, ಬಾಗಿಲಾಚೆ ಬಂದ ಮೇಲೆ ನನ್ನ ಜೊತೆ ಮಾತಿಲ್ಲ, ಬಸ್ಸಿನಲ್ಲೂ ಇಲ್ಲ, ಮನೆಯಲ್ಲಿ ಊಟಕ್ಕೆ ಬಡಿಸುವಾಗ ಸಾರು ಸಾಕಾ ಅಂದಳು, ಅಷ್ಟೆ. ಇವತ್ತಿನ ಡ್ಯೂಟಿ ಬೇರೆಯವರಿಗೆ ಕೊಡಬಹುದಿತ್ತು, ನಾವಿದ್ದೀವಿ ನೀವು ಹೋಗಿ ಅಂತ ಜೊತೆಯವರೇ ಅಂದರು, ಪರೀಕ್ಷೆ ಅಂದರೆ ಪರೀಕ್ಷೆ ಅಂತ ದೊಡ್ಡ ನಿಷ್ಠಾವಂತೆಯ ಹಾಗೆ ಬಂದು ಇಲ್ಲಿ ಬಚ್ಚಿಟ್ಟುಕೊಂಡಿದ್ದೇನೆ.

ಇದು ಫ್ಯಾನಲ್ಲ. ಕಿಟಕಿಯ ಗಾಜು ಅದುರುತ್ತಿದೆ, ಎಲ್ಲರೂ ತಲೆ ಎತ್ತಿದರು, ಬರೀರಿ ಬರೀರಿ, ನಿಮ್ಮ ಪೇಪರ್ ನೋಡಿಕೊಳ್ಳಿ ಅನ್ನುತ್ತೇನೆ, ದನಿ ಯಾರದೋ ಅನ್ನಿಸುತ್ತದೆ, ಈಗ ಮೇಲಿನ ಸಿಮೆಂಟು ಒಡೆಯುತ್ತಿದ್ದಾರೆ, ಆ ಸಿಮೆಂಟು ಹಸಿ ಇರುವಾಗ ನಾನೇ ಬೆರಳಲ್ಲಿ ಅಪ್ಪನ ಹೆಸರು ಬರೆದದ್ದು, ಶಿ ಅಂದವಾಗಿ ಬರಲಿಲ್ಲ ಅಂತ ಅಳಿಸಿ ಮತ್ತೆ ಬರೆದೆ, ಸಾಕ್ ಬುಡು, ನಿಮ್ಮಪ್ಪುಂಗೆ ಓದಕ್ ಬಂದದಾ ಅಂದಿದ್ದಳು ಅವ್ವ — ಈಗ ಮಣ್ಣು, ಸದ್ದು ಬದಲಾಯಿತು, ಮೆತ್ತಗಾಯಿತು, ಎಷ್ಟು ಆಳ ಹೋಗಬೇಕು, ನಿಧಾನಕ್ಕೆ ಅಗಿ ಅಂತ ಯಾರಾದರೂ ಡ್ರೈವರಿಗೆ ಹೇಳುತ್ತಿದ್ದಾರೋ ಇಲ್ಲವೋ, ಬೆಂಚಿನಿಂದ ಬೆಂಚಿಗೆ ನಡೆಯುತ್ತೇನೆ, ಯಾರ ಹ್ಯಾಂಡ್‌ರೈಟಿಂಗೂ ಓದಲು ಆಗುತ್ತಿಲ್ಲ — ನಿಂತಿತು. ಯಾಕೆ ನಿಂತಿತು? ಕಲ್ಲು ಸಿಕ್ಕಿತೇ, ಕೆಟ್ಟುಹೋಯಿತೇ, ಕಾಯುತ್ತೇನೆ, ಅರ್ಧ ತಾಸಿಗೊಮ್ಮೆ ಹೊಡೆಯುವ ಗಂಟೆ ಹೊಡೆಯಿತು, ಇನ್ನೂ ಸದ್ದಿಲ್ಲ, ಬರೀ ಪೆನ್ನುಗಳ ಸದ್ದು, ಫ್ಯಾನಿನ ಸದ್ದು, ಅವ್ವ, ಅವ್ವನೇ ನಿಲ್ಲಿಸಿರಬೇಕು, ಅಡ್ಡ ನಿಂತಿರಬೇಕು, ಓಗಪ್ಪ ನಿನ್ ಗಾಡಿ ತಕಂಡು ಅಂದಿರಬೇಕು, ಎದೆಯೊಳಗೆ ಏನೋ ಜಿಗಿಯಿತು, ಸಂತೋಷ, ಹೌದು ಸಂತೋಷವೇ, ನಾನು ಆಡಲಾರದ್ದನ್ನು ಅವ್ವ ಆಡಿದಳು, ಅಪ್ಪ ಅಲ್ಲೇ ಇರುತ್ತಾನೆ — ಅದರ ಬೆನ್ನಿಗೇ ಪಲ್ಲವಿಯ ಬಗ್ಗಿದ ತಲೆ, ಜಡೆ ಉತ್ತರಪತ್ರಿಕೆಯ ಮೇಲೆ ಬಿದ್ದಿದೆ, ಇವಳಿಗೆ ಏನು ಹೇಳಲಿ, ನಮ್ಮಪ್ಪ ಏಳಲಿಲ್ಲ ಕಣೇ, ಅದಕ್ಕೆ ನೀನು ಓದು ಬಿಡು ಅಂತಲೇ? ಬಾಗಿಲಲ್ಲಿ ಬದರೀನಾರಾಯಣ ಸರ್, ಬೂಟಿಗೆಲ್ಲ ಕೆಂಪು ಮಣ್ಣು, ದನಿ ತಗ್ಗಿಸಿ, ನಿಮ್ಮ ತಾಯಿಯವರು ಜೆಸಿಬಿ ನಿಲ್ಲಿಸಿಬಿಟ್ರು ಭಾನುಪ್ರಿಯಾ, ಯಾರನ್ನೂ ಹತ್ರ ಬಿಡ್ತಿಲ್ಲ, ಮಗಳನ್ನ ಕರೀರಿ ಅಂತಾರೆ, ನೀವು ಹೋಗಿ, ಇಲ್ಲಿ ನಾನಿರ್ತೀನಿ ಅಂದರು.

ಮೆಟ್ಟಿಲು, ವರಾಂಡ, ಹೊಂಗೆ ಮರಗಳ ಕೆಳಗೆ ಓಡುತ್ತಿದ್ದೇನೆ, ಸೀರೆ ಕಾಲಿಗೆ ಸಿಕ್ಕುತ್ತದೆ, ಸರಿ ಮಾಡಿದೆ ಅವ್ವ ಅನ್ನಲೋ, ಬಿಟ್ಟುಕೊಡು ಅವ್ವ ಅನ್ನಲೋ, ಯಾವುದಾದರೂ ಒಂದು ಹೇಳಿಯೇ ಬಿಡುತ್ತೇನೆ, ಜೆಸಿಬಿ ಕೈ ಮಡಚಿಕೊಂಡು ದೂರ ನಿಂತಿದೆ, ಡ್ರೈವರ್ ತಲೆಯ ಟವೆಲು ಬಿಚ್ಚಿ ಕೈಯಲ್ಲಿ ಹಿಡಿದಿದ್ದಾನೆ, ಅಯ್ನೋರು ಕಣ್ಣು ಮುಚ್ಚಿ ಏನೋ ಗುನುಗುತ್ತಿದ್ದಾರೆ, ಅವ್ವ ಅಡ್ಡ ನಿಂತಿಲ್ಲ. ಅವ್ವ ಗುಂಡಿಯೊಳಗಿದ್ದಾಳೆ. ಸೊಂಟ ಮುಚ್ಚುವಷ್ಟು ಗುಂಡಿ, ಸೀರೆ ಎತ್ತಿ ಕಟ್ಟಿದ್ದಾಳೆ, ಕಳೆ ತೆಗೆಯುವ ಸಣ್ಣ ಗುದ್ದಲಿ ಪಕ್ಕಕ್ಕಿಟ್ಟಿದ್ದಾಳೆ, ದಡದ ಮೇಲೆ ಹೊಸ ಬಿದಿರು ಮಂಕರಿ, ಮಂಕರಿಯಲ್ಲಿ ಬಿಳಿ ಬಟ್ಟೆಯ ಗಂಟು, ಎಷ್ಟು ಸಣ್ಣ ಗಂಟು, ಅಪ್ಪ ಬಾಗಿಲಲ್ಲಿ ಬಗ್ಗಿ ಬರುತ್ತಿದ್ದ ಆಳು. ಆ ಮಿಸನ್ ಅವ್ರ ಮೈ ಸೋಕ್ಬಾರ್ದು ಅಂತ ನಾನೇ ಇಳುದೆ ಕಣವ್ವ, ಅಂದಳು, ನಾನ್ ಬಾಳಿದ ಗಂಡ, ನಾನೇ ಎತ್ಬೇಕು, ಎಲ್ಲಾ ಆಯ್ತು, ಇದೊಂದು ಉಳೀತು. ಎಡಗೈಯನ್ನು ಮೇಲಕ್ಕೆ, ನನ್ನ ಕಡೆಗೆ ಚಾಚಿದಳು. ಮಣ್ಣು ಮಾಡುವಾಗ ಅಪ್ಪನ ಎಡ ಅಂಗೈಯಲ್ಲಿ ಇಟ್ಟಿದ್ದ ಅವನ ಇಷ್ಟಲಿಂಗ, ಬದುಕಿರುವಷ್ಟು ದಿನ ಅವನ ಎದೆಯ ಮೇಲಿದ್ದದ್ದು, ಈಗ ಅವ್ವನ ಎಡ ಅಂಗೈಯಲ್ಲಿ, ಸೆರಗಿನಿಂದ ಒರೆಸಿದ್ದಾಳೆ, ಕಪ್ಪಗೆ ಹೊಳೆಯುತ್ತಿದೆ. ಇದ್ನ ಎಲ್ಲಿಡ್ಲಿ ಯೋಳು ಕೂಸು, ಇಲ್ಲೇ ಮೂಲೇಲೋ, ಊರ್ಗೆ ತಕಂಡೋಗದೋ, ನಂಗೆ ತೋಚ್ನಿಲ್ಲ, ನಾನೊಬ್ಳೇ ಎಸ್ಟು ಅಂತ ಯೋಚ್ನೆ ಮಾಡ್ಲಿ, ನೀನೂ ಅವ್ರ ಮಗಳು ತಾನೆ. ಹೇಳಬೇಕು, ಈ ಸಲ ನಿನ್ನಿಷ್ಟ ಅನ್ನುವಂತಿಲ್ಲ, ಬಾಯಿ ತೆರೆದಿದ್ದೇನೆ, ಉಗುರ ಸಂದಿಯಲ್ಲಿ ಮಣ್ಣು, ಮಣಿಕಟ್ಟಿನವರೆಗೆ ಮಣ್ಣು, ನಡುವೆ ಅಂಗೈ ಮಾತ್ರ ಒರೆಸಿಕೊಂಡಿದ್ದಾಳೆ, ಹೇಳಬೇಕು, ಕೈ ಇಳಿಸುತ್ತಿಲ್ಲ ಅವ್ವ, ಇಳಿಸುವುದಿಲ್ಲ, ಅಂಗೈ, ಅಂಗೈಯ ಮೇಲೆ ಕಪ್ಪು ಲಿಂಗ, ಚಾಚಿದ ಅಂಗೈ, ಲಿಂಗ, ಅವ್ವನ ಅಂಗೈ —