ಕೊಳಾಯಿಯವನ ಲೆಕ್ಕಾಚಾರ

ಮೂವತ್ತು ವರ್ಷ ಕೊಳಾಯಿ ರಿಪೇರಿ ಮಾಡಿದವನು ನಾನು. ಹರಿಯುವುದೆಲ್ಲ ನನಗೆ ಗೊತ್ತು ಎಂಬ ಜಂಬ ತಲೆಗೇರಿತ್ತು.

ನನ್ನ ಹೆಂಡತಿಯ ಮಿದುಳಿನಲ್ಲಿ ಒಂದು ರಕ್ತನಾಳ ಬಲೂನಿನಂತೆ ಉಬ್ಬಿತ್ತು. ಒಡೆದರೆ ಜೀವಕ್ಕೇ ಸಂಚಕಾರ. ಡಾಕ್ಟರಮ್ಮ ತೊಡೆಯ ನಾಳದಿಂದ ತಂತಿ ತೂರಿಸಿ, ಉಬ್ಬಿನ ಬಾಯಿಗೆ ಅಡ್ಡವಾಗಿ ಸ್ಟೆಂಟ್ ಕೂರಿಸಿದರು. ಬಲೆಯಂತೆ ಹೆಣೆದ ಸಣ್ಣ ಕೊಳವೆ ಅದು.

"ಇನ್ಮೇಲೆ ರಕ್ತ ನೇರವಾಗಿ ಹೋಗುತ್ತೆ. ಉಬ್ಬಿನೊಳಗೆ ಹರಿವು ನಿಧಾನವಾಗಿ, ಅಲ್ಲೇ ಹೆಪ್ಪುಗಟ್ಟಿ ಮುಚ್ಚಿಕೊಳ್ಳುತ್ತೆ," ಎಂದರು. ನಾನು ದೊಡ್ಡದಾಗಿ ತಲೆಯಾಡಿಸಿದೆ. ನನ್ನ ಕಸುಬಿನ ಮಾತೇ ಅಲ್ಲವೇ!

ಮೂರು ತಿಂಗಳ ಮೇಲೆ ಸ್ಕ್ಯಾನ್ ಮಾಡಿದರೆ ಉಬ್ಬು ಹಾಗೇ ಇತ್ತು.

"ನಾಳ ಅಲ್ಲಿ ತಿರುವು ತಗೊಂಡಿದೆ, ರಕ್ತ ಇನ್ನೂ ಜೋರಾಗಿ ನುಗ್ತಿದೆ. ಕಾಯೋಣ. ಮಾತ್ರೆಗಳನ್ನ ಒಂದು ದಿನಾನೂ ತಪ್ಪಿಸಬೇಡಿ," ಎಂದರು ಡಾಕ್ಟರಮ್ಮ.

ಅವು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳು. ನನಗೆ ರೇಗಿತು. ಉಬ್ಬು ಮುಚ್ಚಲು ರಕ್ತ ಹೆಪ್ಪುಗಟ್ಟಬೇಕು, ಇವರು ಕೊಡುವುದು ಅದನ್ನು ತಡೆಯುವ ಮಾತ್ರೆ! ಒಂದು ಕೈಯಲ್ಲಿ ಕಟ್ಟಿ ಇನ್ನೊಂದು ಕೈಯಲ್ಲಿ ಬಿಚ್ಚಿದರೆ ಕೆಲಸ ಮುಗಿಯುವುದು ಯಾವಾಗ? ಮನೆಗೆ ಬಂದವನೇ ಅಡುಗೆಮನೆಯ ನಲ್ಲಿ ತಿರುಗಿಸಿ ತಿರುಗಿಸಿ, ಮಾತ್ರೆ ಯಾಕೆ ಬೇಡವೆಂದು ಅವಳಿಗೆ ಪಾಠ ಮಾಡಿದೆ.

ಅವಳು ನಕ್ಕಳು. "ಊರವರ ನಲ್ಲಿಯೆಲ್ಲ ಸರಿ ಮಾಡ್ತೀರಿ, ನಮ್ಮನೇದು ವರ್ಷದಿಂದ ಸೋರ್ತಾನೇ ಇದೆ. ಆಗಲಿ ಬಿಡಿ, ನೀವು ಹೇಳಿದ್ಮೇಲೆ ಮುಗೀತು."

ಮಾತ್ರೆ ಡಬ್ಬಿಯನ್ನು ನಾನೇ ಕಪಾಟಿನ ಮೇಲಿಟ್ಟೆ.

ಒಂಬತ್ತನೆಯ ದಿನ ಬಟ್ಟೆ ಮಡಚುತ್ತಿದ್ದವಳು ಕುಸಿದುಬಿದ್ದಳು. ರಕ್ತ ಸ್ಟೆಂಟಿನೊಳಗೇ ಹೆಪ್ಪುಗಟ್ಟಿತ್ತು. ಮಾತ್ರೆಗಳು ಅಷ್ಟು ದಿನ ಕಟ್ಟಿಕೊಳ್ಳದಂತೆ ಕಾಪಾಡುತ್ತಿದ್ದದ್ದು ಆ ಕೊಳವೆಯನ್ನೇ. ಜೀವ ಉಳಿಯಿತು. ಬಲಗೈ ಹೋಯಿತು, ಮಾತು ನಿಂತಿತು. ನಾವಾಡುವುದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು.

ವಾರ್ಡಿನಲ್ಲಿ, ನಮ್ಮ ಮಗಳ ಎದುರೇ, ಡಾಕ್ಟರಮ್ಮ ಕೇಳಿದರು. "ಮಾತ್ರೆ ನಿಲ್ಲಿಸಿದ್ರಾ?"

ನಾನು ಹೇಳಬೇಕಿತ್ತು. ಮಂಚದ ಹೊದಿಕೆ ಸರಿಪಡಿಸತೊಡಗಿದೆ. ಹೆಂಡತಿ ನನ್ನನ್ನೇ ನೋಡಿದಳು. ಆಮೇಲೆ ಎಡಗೈ ಎತ್ತಿ, ತಪ್ಪು ತನ್ನದೆಂಬಂತೆ, ತನ್ನ ಎದೆ ಮುಟ್ಟಿಕೊಂಡಳು.

"ಏನಮ್ಮಾ ನೀನು! ಅಷ್ಟು ಸಲ ಹೇಳಿದ್ರೂ ಯಾಕಮ್ಮಾ ಬಿಟ್ಟೆ?" ಮಗಳು ಅಳುತ್ತಲೇ ಬೈದಳು.

ಅವಳು ತಲೆ ತಗ್ಗಿಸಿ ಬೈಸಿಕೊಂಡಳು. ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ.