ಎಲ್ಲರಿಗೂ ಒಂದೇ ಸರದಿ

ಆ ದೊಡ್ಡಾಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರ ಬಾಯಲ್ಲೂ ಅವಳು ತಕ್ಕಡಿಯಕ್ಕ. ಯಾರಾದರೂ ಬಿಸ್ಕತ್ತಿನ ಪೊಟ್ಟಣ ತಂದರೆ ಹಂಚುವ ಕೆಲಸ ಅವಳದೇ. ಕೊನೆಗೆ ಒಂದೇ ಒಂದು ಉಳಿದರೆ ಅದನ್ನು ಪುಡಿ ಮಾಡಿಯಾದರೂ ಎಲ್ಲರ ಅಂಗೈಗೂ ಉದುರಿಸುವಳೇ ಹೊರತು, ಒಬ್ಬಳಿಗೆ ಹೆಚ್ಚು ಇನ್ನೊಬ್ಬಳಿಗೆ ಕಡಿಮೆ ಅನ್ನುವುದು ಅವಳ ಕಣ್ಣೆದುರು ನಡೆಯುವಂತಿರಲಿಲ್ಲ. ಹೆಂಗಸರು ಮುಸಿಮುಸಿ ನಗುತ್ತಿದ್ದರು, ನಗುತ್ತಲೇ ಅಂಗೈ ನೆಕ್ಕುತ್ತಿದ್ದರು.

ಅಲ್ಲಿ ಕೆಲಸ ಮೂರು ಬಗೆ. ಒಗೆಯುವ ಯಂತ್ರಗಳ ಹತ್ತಿರ ನಿಂತರೆ ದಿನವಿಡೀ ಕಾಲು ನೀರಿನಲ್ಲಿ. ಸುಕ್ಕು ತೆಗೆಯುವ ಬಿಸಿ ರೋಲರಿನ ಹತ್ತಿರ ನಿಂತರೆ ಇಬ್ಬರು ಎದುರುಬದುರು ಅಂಚು ಹಿಡಿದು ಒದ್ದೆ ಬೆಡ್‌ಶೀಟುಗಳನ್ನು ಅದರ ಬಾಯಿಗೆ ಕೊಡುತ್ತಲೇ ಇರಬೇಕು, ಹಬೆ ಮುಖಕ್ಕೇ ಹೊಡೆಯುತ್ತದೆ, ಊಟದ ಹೊತ್ತಿಗೆ ಉಸಿರು ಕೂಡ ಬೆಂದುಹೋದಂತಿರುತ್ತದೆ. ಮೂರನೆಯದು ಮಡಚುವ ಮೇಜು. ಅಲ್ಲಿ ಮಾತ್ರ ಕೂರಲು ಸ್ಟೂಲುಗಳಿದ್ದವು, ಮೇಲಿನ ಕಿಂಡಿಯಿಂದ ಒಂದಿಷ್ಟು ಗಾಳಿ ಬರುತ್ತಿತ್ತು, ಬೀದಿಯಲ್ಲಿ ಹೋಗುವವರ ಪಾದಗಳು ಕಾಣುತ್ತಿದ್ದವು. ಹಿಂದೆಲ್ಲ ಯಾರು ಎಲ್ಲಿ ಎಂದು ಹೇಳುವವನು ಮೇಲ್ವಿಚಾರಕ. ಅವನ ಮುಂದೆ ಹಲ್ಲು ಕಿರಿದವರಿಗೆ ಸ್ಟೂಲು, ಮುಖ ಗಂಟಿಕ್ಕಿದವರಿಗೆ ರೋಲರು. ತಕ್ಕಡಿಯಕ್ಕ ಹುಟ್ಟಾ ಗಂಟುಮುಖದವಳು, ರೋಲರಿನಲ್ಲಿ ಬೆಂದದ್ದಕ್ಕೆ ಲೆಕ್ಕವಿಲ್ಲ.

ಆಮೇಲೆ ಒಂದು ದಿನ ಅವಳೇ ಎಲ್ಲರನ್ನೂ ಕಟ್ಟಿಕೊಂಡು ಕೆಲಸ ನಿಲ್ಲಿಸಿದಳು. ಮೇಲಿನ ವಾರ್ಡುಗಳಲ್ಲಿ ಹಾಸಿಗೆಗೆ ಹಾಸಲು ಏನೂ ಇಲ್ಲದಾದಾಗ ಆಸ್ಪತ್ರೆಯ ದೊಡ್ಡವರು ಮೂಗಿಗೆ ಕರ್ಚೀಫು ಹಿಡಿದು ಮೆಟ್ಟಿಲಿಳಿದು ಬಂದರು. ಮಾತುಕತೆಯಾಗಿ ತೀರ್ಮಾನವಾಯಿತು. ವಾರಕ್ಕೊಂದು ಜಾಗ, ಎಲ್ಲರಿಗೂ ಒಂದೇ ಸರದಿ, ಮೇಲ್ವಿಚಾರಕ ಅದರಲ್ಲಿ ಕೈಹಾಕುವ ಹಾಗಿಲ್ಲ. ಅಂದಿನಿಂದ ಆ ಹೆಂಗಸರು ನಡೆಯುವ ರೀತಿಯೇ ಬದಲಾಯಿತು. ಸ್ಟೂಲು ಸಿಕ್ಕ ಸುಖ ಒಂದು ಕಡೆಗಿರಲಿ, ಅದಕ್ಕಾಗಿ ಯಾರ ಮುಂದೆಯೂ ನಗಬೇಕಾಗಿಲ್ಲ ಎಂಬ ಸುಖವೇ ದೊಡ್ಡದಾಗಿತ್ತು.

ಅದೇ ಲಾಂಡ್ರಿಯಲ್ಲಿ ಅವಳ ನಾದಿನಿಯೂ ಇದ್ದಳು. ತಕ್ಕಡಿಯಕ್ಕ ಮದುವೆಯಾಗಿ ಬಂದಾಗ ಈ ಗಂಡನ ತಂಗಿ ಎರಡು ಜಡೆಯ ಹುಡುಗಿ, ತಲೆ ಬಾಚಿಸಿಕೊಳ್ಳಲು ಅತ್ತಿಗೆಯ ಮುಂದೆಯೇ ಬಂದು ಕೂರುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಒಂದು ಕೋಣೆಯ ಮನೆಯಲ್ಲಿ ಇಬ್ಬರೇ ಉಳಿದರು, ಒಬ್ಬರಿಗೊಬ್ಬರು ಬಿಟ್ಟರೆ ಬೇರೆ ದಿಕ್ಕಿಲ್ಲ. ಅತ್ತಿಗೆ ನಾದಿನಿ ಅಂದರೆ ಹಾವು ಮುಂಗುಸಿಯಂತಿರಬೇಕೆಂದು ನಂಬಿದ್ದ ಹೆಂಗಸರಿಗೆ ಇವರಿಬ್ಬರು ಒಂದೇ ಡಬ್ಬಿಯಲ್ಲಿ ಉಣ್ಣುವುದನ್ನು ನೋಡಿ ನಿರಾಸೆಯೇ ಆಗುತ್ತಿತ್ತು.

ಹೋದ ವರ್ಷ ನಾದಿನಿಗೆ ಜ್ವರ ಬಂತು. ಜ್ವರ ಹೋಗುವಾಗ ಹೃದಯದ ಬಲವನ್ನೂ ಜೊತೆಗೇ ಕರೆದುಕೊಂಡು ಹೋಯಿತು. ಬಿಸಿಯಲ್ಲಿ ಹೆಚ್ಚು ಹೊತ್ತು ನಿಲ್ಲಬಾರದು, ನಿಂತರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ನೋಡುವವರ ಕಣ್ಣಿಗೆ ಮಾತ್ರ ಏನೂ ಕಾಣುತ್ತಿರಲಿಲ್ಲ, ಮೈಕೈ ತುಂಬಿಕೊಂಡೇ ಇದ್ದಳು. ಅದೇ ಅವಳ ಗ್ರಹಚಾರ. ಅವಳ ರೋಲರಿನ ವಾರ ಹತ್ತಿರ ಬಂದಾಗ ಮನೆಯಲ್ಲಿ ಪಾತ್ರೆ ಒರೆಸುತ್ತಾ, ತಲೆ ಎತ್ತದೆ ಅತ್ತಿಗೆಯನ್ನು ಕೇಳಿದಳು.

"ಅತ್ತಿಗೆ, ರೋಲರಿನ ವಾರ ನನಗೆ ಬೇಡ. ಅದರ ಬದಲು ಇನ್ನೊಂದು ವಾರ ನೀರಲ್ಲೇ ನಿಲ್ತೀನಿ. ನೀವು ಎಲ್ಲರ ಮುಂದೆ ಒಂದ್ ಮಾತು ಹೇಳಿದ್ರೆ ಸಾಕು."

ಬೇರೆ ಯಾರಾದರೂ ಕೇಳಿದ್ದರೆ ತಕ್ಕಡಿಯಕ್ಕ ಯೋಚಿಸುತ್ತಿದ್ದಳೇನೋ. ಕೇಳಿದವಳು ಸ್ವಂತ ನಾದಿನಿ. ತಕ್ಕಡಿ ಕೊನೆಗೂ ತನ್ನ ಮನೆಯ ಕಡೆಗೇ ವಾಲಿತು ಎಂದು ನಾಳೆ ನಾಲ್ಕು ಜನ ಆಡಿಕೊಂಡರೆ ಮುಖ ಎಲ್ಲಿಡುವುದು? ಇವತ್ತು ಇವಳಿಗೆ ಎದೆ, ನಾಳೆ ಇನ್ನೊಬ್ಬಳಿಗೆ ಸೊಂಟ, ಆಮೇಲೆ ಸರದಿ ಎಲ್ಲಿ ಉಳಿಯುತ್ತದೆ?

"ಎಲ್ಲರಿಗೂ ಒಂದೇ ಅಂದ್ಮೇಲೆ ಒಂದೇ ಕಣೇ. ನಿನಗೊಂದು ನ್ಯಾಯ, ಊರಿಗೊಂದು ನ್ಯಾಯ ಮಾಡೋಕಾಗಲ್ಲ. ಹೇಗೋ ಸುಧಾರಿಸ್ಕೋ."

ನಾದಿನಿ ಆಯಿತೆಂದಳು. ಅವಳು ಒಪ್ಪಿಕೊಂಡಳೆಂದು ತಕ್ಕಡಿಯಕ್ಕ ನೆಮ್ಮದಿಯಿಂದ ಮಲಗಿದಳು. ನ್ಯಾಯ ನ್ಯಾಯ ಎಂದು ತಾನು ಕಾಪಾಡಿಕೊಂಡದ್ದು ತನ್ನ ಒಳ್ಳೆಯ ಹೆಸರನ್ನು ಎಂಬುದು ಆ ಹೆಣ್ಣಿಗೆ ಹೊಳೆಯಲಿಲ್ಲ. ಹಟಮಾರಿಗಳಿಗೆ ಅಂಥದ್ದು ತಡವಾಗಿಯೇ ಹೊಳೆಯುವುದು.

ಆ ವಾರವನ್ನು ನಾದಿನಿ ಹಲ್ಲು ಕಚ್ಚಿ ಕಳೆದಳು. ಎರಡು ಸಲ ಕಣ್ಣು ಕತ್ತಲೆ ಬಂದು ಮೆಟ್ಟಿಲ ಮೇಲೆ ಕುಸಿದಳು. ಜೊತೆಗೆ ನಿಂತಿದ್ದವಳು ಕೆಲಸಗಳ್ಳತನ ಎಂದು ಗೊಣಗಿದಳು. ತಕ್ಕಡಿಯಕ್ಕ ಎಲ್ಲವನ್ನೂ ನೋಡಿದಳು, ನೋಡಿ ತನ್ನ ಕೆಲಸಕ್ಕೆ ತಿರುಗಿದಳು. ಮನೆಗೆ ಬಂದು ನಿಂಬೆಹಣ್ಣಿನ ಪಾನಕ ಮಾಡಿಕೊಟ್ಟಳು, ಕಾಲು ಒತ್ತಿದಳು. ಪಾನಕದಿಂದ ತೀರುವ ಋಣ ಅದಾಗಿರಲಿಲ್ಲ.

ಮುಂದಿನ ಸಲ ರೋಲರಿನ ವಾರ ಬಂದಾಗ ನಾದಿನಿ ನೇರವಾಗಿ ಹೋಗಿ ಮಡಚುವ ಮೇಜಿನಲ್ಲಿ ಕೂತಳು. ಯಾರು ಹೇಳಿದ್ದು ಎಂದು ಹೆಂಗಸರು ಕೇಳಿದರೆ, ಸಾರ್ ಎಂದಳು. ಮೇಲ್ವಿಚಾರಕ ಬಾಗಿಲಲ್ಲಿ ನಿಂತು, ಪಾಪ, ಹುಷಾರಿಲ್ಲದ ಹುಡುಗಿ, ನಾವೂ ಮನುಷ್ಯರೇ ಅಲ್ಲವೇ ಎಂದ. ಇಷ್ಟು ದಿನ ಕೊಡಲು ಅವನ ಕೈಯಲ್ಲಿ ಏನೂ ಇರಲಿಲ್ಲ. ಈಗ ಕರುಣೆ ಸಿಕ್ಕಿತ್ತು, ಅದನ್ನು ಎರಡೂ ಕೈಯಲ್ಲಿ ಕೊಡಲು ನಿಂತ. ಆ ಮಧ್ಯಾಹ್ನ ತಕ್ಕಡಿಯಕ್ಕ ಟವೆಲ್ಲಿನ ಕಟ್ಟು ಹೊತ್ತು ಅವನ ಕೋಣೆಯ ಮುಂದೆ ಹಾದುಹೋಗುವಾಗ, ನಾದಿನಿ ಮೂಲೆಯ ಬೇಸಿನ್ನಿನಲ್ಲಿ ಅವನ ಟೀ ಲೋಟ ತೊಳೆಯುತ್ತಿದ್ದಳು.

ಮನೆಗೆ ಬಂದು ತಕ್ಕಡಿಯಕ್ಕ ಬಾಯಿಗೆ ಬಂದ ಹಾಗೆ ಬೈದಳು. ನಾವೆಲ್ಲ ಹೊಟ್ಟೆ ಕಟ್ಟಿ ಗಳಿಸಿದ್ದನ್ನು ಒಂದು ಸ್ಟೂಲಿಗೆ ಮಾರಿಬಿಟ್ಟೆಯಲ್ಲ, ಅವನ ಎಂಜಲು ಲೋಟ ತೊಳೆಯಲು ನಾಚಿಕೆಯಾಗಲಿಲ್ಲವೇ ಎಂದಳು. ನಾದಿನಿ ಎಲ್ಲವನ್ನೂ ಕೇಳಿಸಿಕೊಂಡು, "ಮೊದಲು ನಿಮ್ಮನ್ನೇ ಕೇಳಿದ್ದೆ ಅತ್ತಿಗೆ" ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿ ಮಲಗಿದಳು. ಮರುದಿನದಿಂದ ಅವಳು ಊಟಕ್ಕೆ ಬೇರೆ ಡಬ್ಬಿ ತಂದಳು.

ಒಂದು ಸಲ ಬಾಗಿಲು ತೆರೆದ ಮೇಲೆ ಕೇಳಬೇಕೆ? ಒಬ್ಬಳಿಗೆ ಮಂಡಿ, ಒಬ್ಬಳಿಗೆ ಎಳೆ ಬಾಣಂತನ, ಒಬ್ಬಳಿಗೆ ಉಬ್ಬಸ. ಒಂದೂ ಸುಳ್ಳಲ್ಲ, ಅದೇ ಸಂಕಟ. ಎಲ್ಲ ನೋವುಗಳೂ ಮೊದಲಿನಿಂದ ಅಲ್ಲೇ ಇದ್ದವು, ಸರದಿಯ ಭಯಕ್ಕೆ ಬಾಯಿಬಿಟ್ಟಿರಲಿಲ್ಲ. ಈಗ ಒಬ್ಬೊಬ್ಬರೇ ಮೇಲ್ವಿಚಾರಕನ ಕೋಣೆಗೆ ಹೋಗಿ, ಸೆರಗು ಸರಿ ಮಾಡಿಕೊಂಡು, ಸ್ವಲ್ಪ ನಕ್ಕು, ಸ್ಟೂಲು ಕೇಳಿಕೊಂಡು ಬರತೊಡಗಿದರು. ನಗಲು ಬಾರದ ಒಂದಿಬ್ಬರು, ತಕ್ಕಡಿಯಕ್ಕನೂ ಸೇರಿ, ರೋಲರಿನಲ್ಲೇ ಉಳಿದರು.

ತಕ್ಕಡಿಯಕ್ಕನಿಗೆ ಆಗ ಬುದ್ಧಿ ಬಂತು. ಊಟದ ಹೊತ್ತಿನಲ್ಲಿ ಎಲ್ಲರನ್ನೂ ಸೇರಿಸಿ, ಕೈಲಾಗದವರನ್ನು ನಾವೇ ಕೂತು ತೀರ್ಮಾನಿಸಿ ರೋಲರಿನಿಂದ ಬಿಡಿಸೋಣ, ಸರದಿ ಎಲ್ಲರ ಮೈಗೂ ಹೊಂದುವ ಹಾಗಿರಲಿ, ಅವನನ್ನು ಮಾತ್ರ ಕೇಳುವುದು ಬೇಡ ಎಂದಳು. ಅದು ನಾದಿನಿ ಪಾತ್ರೆ ಒರೆಸುತ್ತಾ ಕೇಳಿದ ಮಾತೇ. ಮಂಡಿನೋವಿನವಳು, ಸಾರ್ ಕೊಡುತ್ತಿದ್ದಾರಲ್ಲ, ಮತ್ತೆ ಜಗಳ ಯಾಕೆ ಎಂದು ಡಬ್ಬಿ ಮುಚ್ಚಿದಳು. ನಾದಿನಿ ನೆಲ ನೋಡುತ್ತಾ ಕೂತಿದ್ದಳು.

ವಾರ ಕಳೆಯುವುದರೊಳಗೆ ರೋಲರಿನಲ್ಲಿ ತಕ್ಕಡಿಯಕ್ಕನ ಎದುರಿಗೆ ನಿಲ್ಲುತ್ತಿದ್ದವಳು ಕೆಲಸ ಬಿಟ್ಟುಹೋದಳು. ಬೆಡ್‌ಶೀಟುಗಳು ಗುಡ್ಡೆ ಬಿದ್ದವು. ಮೇಲ್ವಿಚಾರಕ ಮೇಜಿನ ಹತ್ತಿರ ಬಂದು, ಒಬ್ಬರು ಎದ್ದು ರೋಲರಿಗೆ ಹೋಗಬೇಕು, ಯಾರೆಂದು ತಕ್ಕಡಿಯಕ್ಕನವರೇ ಹೇಳಲಿ, ನ್ಯಾಯ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂದು ನಕ್ಕ. ಹಳೆಯ ಸರದಿಯ ಪ್ರಕಾರ ಆ ವಾರ ನಾದಿನಿಯದೆಂದು ಎಲ್ಲರಿಗೂ ಗೊತ್ತಿತ್ತು. ರೋಲರಿನ ಹತ್ತಿರವಿದ್ದ ತಕ್ಕಡಿಯಕ್ಕ ಬೇರೊಬ್ಬಳ ಹೆಸರು ಹೇಳಲು ಬಾಯಿ ತೆರೆದಳು, ಯಾರ ಹೆಸರು ಹೇಳಿದರೂ ಅದು ಅವನ ಕೆಲಸವನ್ನು ತಾನು ಮಾಡಿಕೊಟ್ಟಂತೆ ಎಂದು ಹಾಗೆಯೇ ನಿಂತಳು.

ಅಷ್ಟರಲ್ಲಿ ಸ್ಟೂಲು ಸರಿದ ಸದ್ದಾಯಿತು. ನಾದಿನಿ ತಾನಾಗಿಯೇ ಎದ್ದು ಬಂದು ಒದ್ದೆ ಬೆಡ್‌ಶೀಟಿನ ಆ ಕಡೆಯ ಅಂಚು ಹಿಡಿದಳು. ಹಬೆಯಲ್ಲಿ ಎಷ್ಟೋ ದಿನಗಳ ಮೇಲೆ ಇಬ್ಬರೂ ಮುಖಾಮುಖಿ ನಿಂತರು.

"ಹೋಗು, ಕೂತ್ಕೋ," ಎಂದಳು ತಕ್ಕಡಿಯಕ್ಕ. "ನಾನು ಹೇಗೋ ಒಬ್ಬಳೇ ನೋಡ್ಕೋತೀನಿ. ನಿನ್ನ ಕಾಲಿಗೆ ಬೀಳ್ತೀನಿ."

"ಬೇಡ ಅತ್ತಿಗೆ. ಅಲ್ಲಿ ಕೂತ್ರೆ ಸಾರ್ ದಯೆ, ನೀವು ಕೂರಿಸಿದ್ರೆ ನಿಮ್ಮ ದಯೆ. ನಾನು ದಯೆ ಕೇಳಿರಲಿಲ್ಲ. ನಮ್ಮ ಸರದೀಲಿ ನನ್ನನ್ನೂ ಲೆಕ್ಕಕ್ಕೆ ತಗೊಳ್ಳಿ ಅಂದಿದ್ದೆ."

ಮಾತು ಮುಗಿಸಿ ಅವಳು ಅಂಚನ್ನು ಯಂತ್ರದ ಬಾಯಿಗೆ ಕೊಟ್ಟಳು. ಆ ಕಡೆಯವರು ಕೊಟ್ಟ ಮೇಲೆ ಈ ಕಡೆಯವರೂ ಅಷ್ಟೇ ವೇಗದಲ್ಲಿ ಕೊಡಲೇಬೇಕು, ಇಲ್ಲದಿದ್ದರೆ ಬಟ್ಟೆ ತಿರುಚಿಕೊಂಡು ಹಿಡಿದ ಕೈಯನ್ನೇ ಒಳಗೆಳೆಯುತ್ತದೆ. ನಾದಿನಿಯ ತುಟಿಯ ಬಣ್ಣ ಆಗಲೇ ಹೋಗಿತ್ತು. ತಕ್ಕಡಿಯಕ್ಕ ಅಳುತ್ತಲೇ ತನ್ನ ಅಂಚನ್ನು ಅವಳ ಸಮಕ್ಕೆ ಒಳಗೆ ಕೊಟ್ಟಳು, ಮುಂದಿನ ಬೆಡ್‌ಶೀಟಿಗೆ ಕೈ ಚಾಚಿದಳು.